ಚೀಲದ ತೂಕ ಮತ್ತು ಹಮಾಲನ ಬೆನ್ನು

ಶ್ರಮದ ಹಿರಿಮೆಯನ್ನು ಕುರಿತು ಚರ್ಚಾಕೂಟಗಳಲ್ಲಿ ನಾವು ಉತ್ಸಾಹದಿಂದ ಮಾತನಾಡುತ್ತೇವೆ. ಆದರೆ ಶ್ರಮದ ಭಾರವನ್ನು ಲೆಕ್ಕಹಾಕಿ ನೋಡಿದವರು ನಮ್ಮಲ್ಲಿ ವಿರಳ. ಆ ಲೆಕ್ಕವನ್ನು ಕೃಷಿ ಮಾರುಕಟ್ಟೆಯ ಹಮಾಲರಿಂದಲೇ ಆರಂಭಿಸಬಹುದು.

ರಾಯಚೂರು, ಗಂಗಾವತಿಗಳ ಕಡೆ ಭತ್ತದ ಬೆಲೆಯನ್ನು ಹೇಳುವುದೇ 75 ಕಿಲೋ ಚೀಲದ ಲೆಕ್ಕದಲ್ಲಿ. ಅಂಥ ನೂರು ಚೀಲ ಹೊತ್ತವನು ಏಳೂವರೆ ಟನ್ನು ಹೊತ್ತಂತಾಯಿತು. ಒಬ್ಬ ಪ್ರೌಢ ಪುರುಷನು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ದೇಹಕ್ಕೆ ಕೇಡಾಗುವಷ್ಟು ಭಾರವನ್ನು ಹೊರಿಸಕೂಡದೆಂದು ನಮ್ಮ 1948ರ ಕಾರ್ಖಾನೆ ಕಾಯಿದೆಯೂ ವಿಧಿಸಿತು. ಆದರೆ ಮಾರುಕಟ್ಟೆಯ ಅಂಗಳ ಕಾರ್ಖಾನೆಯಲ್ಲವಷ್ಟೆ!

ಇದಕ್ಕೆಲ್ಲ ತಿಳಿದವರು ಸೂಚಿಸುವ ಪರಿಹಾರ ತರಬೇತಿ. ಬೆನ್ನನ್ನು ಬಗ್ಗಿಸದೆ ಮೊಣಕಾಲನ್ನು ಬಗ್ಗಿಸಬೇಕು. ಭಾರವನ್ನು ಮೈಗೆ ಒತ್ತಿ ಹಿಡಿಯಬೇಕು. ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಇದು ಸರಿಯೆ. ಭಾರವು ಮೈಯಿಂದ ದೂರ ಸರಿದಷ್ಟೂ ಬೆನ್ನುಮೂಳೆಯ ಮೇಲಣ ಒತ್ತಡ ಹೆಚ್ಚುತ್ತದೆ. ಆದರೆ ಹಮಾಲನಿಗೆ ಏನೂ ತಿಳಿಯದೆಂದು ಭಾವಿಸುವುದು ಓದಿದವರ ಅಹಂಕಾರ. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೇರಿಸುವ ಹದವನ್ನೂ, ಲಾರಿಗೆ ಹಾಸಿದ ಹಲಗೆಯ ಮೇಲೆ ತಪ್ಪದೆ ಇಡುವ ಹೆಜ್ಜೆಯನ್ನೂ ಅವನಿಗೆ ನಾವು ಕಲಿಸಿದೆವೆ? ಅವನ ಕೂಲಿ ನಿಂತಿರುವುದು ಚೀಲದ ಎಣಿಕೆಯ ಮೇಲೆ. ಲಾರಿ ಕಾದು ನಿಂತಿರುವಾಗ ಜೋಪಾನವಾಗಿ ಎತ್ತುತ್ತ ಕುಳಿತರೆ ಆ ದಿನದ ಸಂಪಾದನೆಯೇ ಕಡಮೆ. ಹೀಗಿರುವಾಗ ಬರಿಯ ಉಪದೇಶದಿಂದ ಫಲವೇನು?

ಚೀಲದ ತೂಕ ದೈವನಿರ್ಮಿತವಲ್ಲ. 2018ರಲ್ಲಿ ಯೂರಿಯಾ ಚೀಲವು 50 ಕಿಲೋದಿಂದ 45ಕ್ಕೆ ಇಳಿಯಿತು. ಅದು ಹೊಲಕ್ಕೆ ಬೀಳುವ ಗೊಬ್ಬರ ತಗ್ಗಲೆಂದು. ಹೊರುವವನ ಬೆನ್ನನ್ನು ನೆನೆದಲ್ಲ. ಮಣ್ಣಿನ ಹಿತಕ್ಕಾಗಿ ಇಳಿಸಬಹುದಾದ ತೂಕವನ್ನು ಮನುಷ್ಯನ ಹಿತಕ್ಕಾಗಿ ಇಳಿಸಲಾಗದೆ? ಚೀಲ ಚಿಕ್ಕದಾದರೆ ಖರ್ಚು ಹೆಚ್ಚುವುದೆಂದು ವರ್ತಕರು ಹೇಳಬಹುದು. ಆ ಖರ್ಚು ಈಗಲೂ ಉಂಟು. ಅದನ್ನು ಹಮಾಲನು ತನ್ನ ಸೊಂಟದಿಂದ ತೆರುತ್ತಿದ್ದಾನೆ.

ಆದುದರಿಂದ ಮೊದಲು ಚೀಲದ ತೂಕಕ್ಕೆ ಮಿತಿ ಬೇಕು. ಚೀಲ ಚಿಕ್ಕದಾಯಿತೆಂದು ಕೂಲಿ ಇಳಿಯದಂತೆ, ಕೂಲಿಯನ್ನು ಚೀಲಕ್ಕೆ ಬದಲಾಗಿ ಕ್ವಿಂಟಾಲಿಗೆ ಗೊತ್ತುಮಾಡಬೇಕು. ತಳ್ಳುಗಾಡಿಗಳೂ ಲಾರಿಯ ಎತ್ತರಕ್ಕೆ ಸಮನಾದ ಕಟ್ಟೆಗಳೂ ಬೇಕು. ತರಬೇತಿ ಆಮೇಲೆ ಬರಲಿ.

ಈ ಕಾಲೇಜಿನಲ್ಲಿರುವ ನಮ್ಮಲ್ಲಿ ಅನೇಕರು ಮನೆಯ ಮೊದಲ ಪದವೀಧರರು. ನಮ್ಮನ್ನು ಇಲ್ಲಿಯವರೆಗೆ ತಂದವು ದುಡಿಯುವ ಹೆಗಲುಗಳೇ. ನಾಳೆ ಮಾರುಕಟ್ಟೆ ಸಮಿತಿಯ ಕಚೇರಿಗಳಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಕುಳಿತುಕೊಳ್ಳುವವರೂ ನಮ್ಮವರೇ. ಅಲ್ಲಿ ಕುಳಿತ ಮೇಲೆ ಈ ತೂಕದ ಮಾತನ್ನು ಮರೆತರೆ, ನಾವು ಪಡೆದ ವಿದ್ಯೆಗೆ ಅರ್ಥವೇನುಂಟು?