ಹಾರಾಟದ ಆರಂಭದಲ್ಲೇ ಲಘು ವಿಮಾನದ ಎಂಜಿನ್ ಶಕ್ತಿ ಕುಂದುವಿಕೆ: ಒಂದು ಅವಲೋಕನ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಲಿನ ಗ್ರಾಮಗಳಿಂದ ಕಬಿನಿ ತೀರದ ಸರಗೂರಿನವರೆಗೆ ಬಹುಭಾಗ ಕೃಷಿ ಭೂಮಿಯಾಗಿರುತ್ತದೆ. ಆಪತ್ತಿಗೆ ಸಿಲುಕಿದ ಲಘು ವಿಮಾನಕ್ಕೆ ಇಂತಹ ಬಯಲೇ ಕೊನೆಯ ಆಸರೆಯಾದುದರಿಂದ, ಈ ಕುರಿತು ಸಾರ್ವಜನಿಕರಿಗೆ ಮಾಹಿತಿ ನೀಡಲಾಗಿದೆ.

ಹಿನ್ನೆಲೆ

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸೆಸ್ನಾ-180 ವಿಮಾನವು ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಪತನಗೊಂಡು, ಚಿತ್ರನಟಿ ಸೌಂದರ್ಯ ಸೇರಿದಂತೆ ನಾಲ್ವರು ಮೃತಪಟ್ಟರು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿದ್ದ ಇಬ್ಬರೂ ಸಣ್ಣ ಗಾಯಗಳೊಂದಿಗೆ ಪಾರಾದರು.

ಕಾರಣಗಳು

ಇಂಧನದಲ್ಲಿ ನೀರು ಸೇರುವುದು, ಇಂಧನ ತೀರುವುದು, ಇಂಧನದ ಕವಾಟ ತಪ್ಪು ಸ್ಥಾನದಲ್ಲಿರುವುದು ಹಾಗೂ ಯಾಂತ್ರಿಕ ದೋಷಗಳು ಸಾಮಾನ್ಯ ಕಾರಣಗಳಾಗಿವೆ. ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುವುದಕ್ಕೆ ಹಿಮದ ನಾಡೇ ಆಗಬೇಕೆಂದಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದಲ್ಲಿ 20 ಡಿಗ್ರಿ ಸೆಲ್ಸಿಯಸ್ ಮೀರಿದ ಹವೆಯಲ್ಲೂ ಇದು ಸಂಭವಿಸುತ್ತದೆ. ಪ್ರತಿ ಹಾರಾಟಕ್ಕೆ ಮುನ್ನ ಟ್ಯಾಂಕಿನ ತಳದಿಂದ ಇಂಧನದ ಮಾದರಿ ತೆಗೆದು ಪರೀಕ್ಷಿಸುವುದರಿಂದ ನೀರಿನ ಅಪಾಯವನ್ನು ಬಹುಮಟ್ಟಿಗೆ ತಡೆಯಬಹುದಾಗಿದೆ.

ಹಿಂದಿರುಗುವ ಅಪಾಯ

500 ಅಡಿ ಎತ್ತರದಲ್ಲಿ ಎಂಜಿನ್ ನಿಂತಲ್ಲಿ ನೆಲ ತಲುಪಲು ಒಂದು ನಿಮಿಷವೂ ಉಳಿದಿರುವುದಿಲ್ಲ. ರನ್‌ವೇಗೆ ಮರಳಲು ವಿಮಾನವನ್ನು 45 ಡಿಗ್ರಿ ವಾಲಿಸಿ ತಿರುಗಿಸಿದಲ್ಲಿ, ಎತ್ತರ ಕಾಯ್ದುಕೊಳ್ಳಲು ಬೇಕಾದ ಕನಿಷ್ಠ ವೇಗವು ಶೇಕಡ 19ರಷ್ಟು ಹೆಚ್ಚುತ್ತದೆ. ಅಷ್ಟು ವೇಗವಿಲ್ಲದಿದ್ದಲ್ಲಿ ರೆಕ್ಕೆಗಳು ಆಧಾರ ಕಳೆದುಕೊಂಡು ವಿಮಾನ ಕುಸಿಯುತ್ತದೆ. ಆದ್ದರಿಂದ ಕಡಿಮೆ ಎತ್ತರದಲ್ಲಿ ಮೂತಿಯನ್ನು ತಗ್ಗಿಸಿ, ವೇಗ ಉಳಿಸಿಕೊಂಡು, ಎದುರಿನ ಬಯಲಿನಲ್ಲಿಯೇ ಇಳಿಯುವಂತೆ ಪೈಲಟ್‌ಗಳಿಗೆ ಕಲಿಸಲಾಗುತ್ತದೆ. ವಿಮಾನ ಉಳಿಸುವುದಕ್ಕಿಂತ ಜೀವ ಉಳಿಸುವುದು ಇದರ ಆಶಯವಾಗಿದೆ.

ಎದುರಿಗೆ ಬಯಲಿರದಿದ್ದಲ್ಲಿ ಈ ಬೋಧನೆ ನಿಷ್ಫಲವಾಗುತ್ತದೆ. ಜಕ್ಕೂರಿನ ಸುತ್ತ ಇಂದು ನಗರ ಬೆಳೆದಿದೆ. ಮೈಸೂರು ಸಹ ಬೆಳೆಯುತ್ತಿದೆ. ರನ್‌ವೇಯ ತುದಿಗಳಾಚೆಗಿನ ತೆರೆದ ಭೂಮಿಯನ್ನು ಪಾಳುಬಿದ್ದ ಜಾಗವೆಂದು ಭಾವಿಸದೆ ಸುರಕ್ಷತೆಯ ಅಂಗವೆಂದು ಪರಿಗಣಿಸುವುದು ಅವಶ್ಯಕವಾಗಿರುತ್ತದೆ.

ಸಾರ್ವಜನಿಕರ ಗಮನಕ್ಕೆ

1. ಹೊಲದಲ್ಲಿ ವಿಮಾನ ಇಳಿದಲ್ಲಿ ಅಥವಾ ಬಿದ್ದಲ್ಲಿ ಕೂಡಲೇ 112ಕ್ಕೆ ಕರೆ ಮಾಡಿ ಗ್ರಾಮದ ಹೆಸರು ಹಾಗೂ ಗುರುತನ್ನು ತಿಳಿಸುವುದು.
2. ವಿಮಾನದ ಇಂಧನವು ಬೇಗ ಹೊತ್ತಿಕೊಳ್ಳುವುದರಿಂದ ಬೀಡಿ, ಸಿಗರೇಟು, ಬೆಂಕಿಯನ್ನು ದೂರವಿಡುವುದು.
3. ನಿಂತಿರುವ ಪ್ರೊಪೆಲ್ಲರ್ ಬಳಿಗೂ ಹೋಗದಿರುವುದು.
4. ಜೀವ ರಕ್ಷಣೆ ಹಾಗೂ ಬೆಂಕಿ ನಂದಿಸುವುದರ ಹೊರತು ಅವಶೇಷಗಳನ್ನು ಕದಲಿಸದಿರುವುದು. ಚೂರೊಂದು ಕಾಣೆಯಾದರೂ ತನಿಖೆಯು ಕಾರಣವನ್ನು ತಲುಪದಿರಬಹುದು.

ಕಾರಣ ತಿಳಿದರೆ ಮಾತ್ರ ಮುಂದಿನ ಅಪಘಾತವನ್ನು ತಪ್ಪಿಸಲು ಸಾಧ್ಯವಾದ್ದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ.