ಅರಿಶಿನ ತಿಂದ್ರೆ ಕ್ಯಾನ್ಸರ್ ಹೋಗುತ್ತಾ? ಲ್ಯಾಬ್ ಹೇಳೋದೇ ಬೇರೆ

ನಮ್ಮ ಕ್ಲಾಸಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರೇ ಜಾಸ್ತಿ. ನಮ್ಮೆಲ್ಲರ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಆಗಾಗ ಒಂದೇ ಮೆಸೇಜ್ ಬರುತ್ತೆ: ದಿನಾ ಅರಿಶಿನ ತಿನ್ನಿ, ಕ್ಯಾನ್ಸರ್ ಹತ್ತಿರಾನೂ ಸುಳಿಯಲ್ಲ. ಅದನ್ನು ಫಾರ್ವರ್ಡ್ ಮಾಡುವ ದೊಡ್ಡಮ್ಮನ ದವಡೆಯಲ್ಲಿ ಅದೇ ಹೊತ್ತಿಗೆ ಎಲೆ, ಅಡಿಕೆ, ಹೊಗೆಸೊಪ್ಪು ಇರುತ್ತೆ. ನೋಡಿ ನಗೋದು ಸುಲಭ. ಆದ್ರೆ ನಾವು ನಕ್ಕು ಸುಮ್ಮನಾಗಿದ್ದೀವಿ, ಅಷ್ಟೇ. ನಮ್ಮ ತಕರಾರು ನಮ್ಮ ಮೇಲೇ.

ಯಾಕಂದ್ರೆ ಅರಿಶಿನದ ಮಾತು ಪೂರ್ತಿ ಸುಳ್ಳಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ತಪಸ್ ಕುಮಾರ್ ಕುಂಡು ಅವರ ಲ್ಯಾಬ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕುಂಡು ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಆರ್.ಎಸ್. ರಾವ್ ಅವರ ಹತ್ತಿರ ಪಿಎಚ್‌ಡಿ ಮಾಡಿದವರು. 2005ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದವರು.

ಅವರ ವಿಷಯ ಜೀನ್‌ಗಳ ಸ್ವಿಚ್ಚು. ರೇಷ್ಮೆ ನೂಲು ಬಿಚ್ಚೋದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಅನ್ನೋ ಪ್ರೋಟೀನುಗಳಿಗೆ ನೂಲಿನ ಹಾಗೆ ಸುತ್ತಿಕೊಂಡಿರುತ್ತೆ. ಸುತ್ತು ಬಿಗಿಯಾಗಿದ್ರೆ ಆ ಜಾಗದ ಜೀನ್ ಆಫ್, ಸಡಿಲವಾದ್ರೆ ಆನ್. ಪಿ300 ಅನ್ನೋ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿಸಿ ಸುತ್ತನ್ನು ಸಡಿಲ ಮಾಡುತ್ತೆ. ಕೆಲಸ ಅತಿಯಾದ್ರೆ ಆಫ್ ಇರಬೇಕಾದ ಜೀನುಗಳೂ ಆನ್ ಆಗ್ತವೆ.

ಈ ಪಿ300 ಅನ್ನು ತಡೆಯುವ ವಸ್ತುಗಳನ್ನು ಕುಂಡು ಅವರ ತಂಡ ಹುಡುಕಿದ್ದು ಎಲ್ಲಿ ಗೊತ್ತಾ? 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ, 2004ರಲ್ಲಿ ಕರಾವಳಿಯವರ ಪುನರ್ಪುಳಿಯಲ್ಲಿ, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್‌ನಲ್ಲಿ.

ಮುಂದಿನದು ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ಮಾತು. ಬಾಯಿ ಕ್ಯಾನ್ಸರ್ ರೋಗಿಗಳ ಗಡ್ಡೆಯನ್ನು ಪರೀಕ್ಷಿಸಿದಾಗ ಅಲ್ಲಿ ಹಿಸ್ಟೋನುಗಳಿಗೆ ಅಸಿಟೈಲ್ ಹೆಚ್ಚಾಗಿ ಅಂಟಿರುವುದು ಕಂಡಿತು. ನೈಟ್ರಿಕ್ ಆಕ್ಸೈಡ್ ಪಿ300 ಅನ್ನು ಕೆರಳಿಸೋದು ಅದಕ್ಕೆ ಕಾರಣ ಅಂತ 2010ರಲ್ಲಿ ಪ್ರಕಟಿಸಿದರು. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗಲ್ಲ, ತಿಂದರೆ ರಕ್ತಕ್ಕೆ ಸೇರೋದೂ ಬಹಳ ಕಮ್ಮಿ. ಹಾಗಾಗಿ ಅದನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವ ಸಿಟಿಕೆ7ಎ ಅನ್ನೋ ಅಣು ತಯಾರಿಸಿದರು. ಅದು ಇಲಿಗಳಲ್ಲಿ ಬಾಯಿ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು.

ಇಲಿಗಳಲ್ಲಿ. ಈ ಒಂದು ಪದ ವಾಟ್ಸಾಪಿಗೆ ಬರುವಷ್ಟರಲ್ಲಿ ಬಿದ್ದುಹೋಗಿರುತ್ತೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಲ್ಯಾಬಿನಲ್ಲಿ ಕಟ್ಟಿದ ಅಣುವಿಗೂ ಇರುವ ದೂರವೂ ಬಿದ್ದುಹೋಗಿರುತ್ತೆ. ಉಳಿಯೋದು ಸುಳ್ಳು ಧೈರ್ಯ. ಆ ಧೈರ್ಯದಲ್ಲೇ ಬಾಯಿಯ ಹುಣ್ಣಿಗೆ ಅರಿಶಿನ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಯ್ತಾರೆ. ಕಿದ್ವಾಯಿ ಆಸ್ಪತ್ರೆಗೆ ಹೋಗೋ ಹೊತ್ತಿಗೆ ತಡವಾಗಿರುತ್ತೆ.

ಸಂಶೋಧನೆ ಇಂಗ್ಲಿಷಲ್ಲಿದ್ರೆ ಏನಂತೆ, ಬೇಕಾದವರು ಓದ್ತಾರೆ ಅಂತ ಕೆಲವು ಫ್ರೆಂಡ್ಸ್ ಹೇಳ್ತಾರೆ. ಬೇಕಾದವರು ಯಾರು? ಪೇಪರ್ ಓದಬಲ್ಲ ನಾವು ಹೊಗೆಸೊಪ್ಪು ಹಾಕಲ್ಲ, ಹಾಕುವವರಿಗೆ ಪೇಪರ್ ಸಿಗಲ್ಲ. ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಮೀಡಿಯಮ್ಮು. ಹಿಸ್ಟೋನ್ ಅಂದ್ರೇನು ಅಂತ ಅಜ್ಜಿಗೆ ಹೇಳೋಕೆ ಹೋದ್ರೆ ಎರಡನೇ ವಾಕ್ಯಕ್ಕೇ ತಡವರಿಸ್ತೀವಿ. ಈ ಬರಹ ಬರೆಯುವಾಗಲೂ ಅದೇ ಆಯ್ತು. ಆದ್ರೂ ಬರೆದ್ವಿ, ಬರೆದ ಮೇಲೆ ನಮಗೇ ವಿಷಯ ಚೆನ್ನಾಗಿ ಅರ್ಥವಾಯ್ತು.

ರಾಜ್ಯೋತ್ಸವಕ್ಕೆ ಬಾವುಟ, ಡಿಜೆ ಎಲ್ಲಾ ಇರಲಿ, ಬೇಡ ಅನ್ನಲ್ಲ. ಜೊತೆಗೆ ನಮ್ಮ ಸಂಘ ತಿಂಗಳಿಗೊಂದು ಸಂಶೋಧನೆಯನ್ನು ಒಂದೇ ಪುಟದ ಕನ್ನಡದಲ್ಲಿ ಬರೆಯಲಿ. ಇಲಿಯ ಮೇಲಿನ ಪ್ರಯೋಗವಾದ್ರೆ ಇಲಿ ಅಂತಲೇ ಬರೆಯಲಿ. ಅದನ್ನು ಅದೇ ಫ್ಯಾಮಿಲಿ ಗ್ರೂಪಿಗೆ ಹಾಕೋಣ.

ಮೊದಲನೇ ಪುಟದ ಕೊನೆಯ ಸಾಲು ಈಗಲೇ ರೆಡಿ: ಬಾಯಲ್ಲಿ ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ರೆ ಅರಿಶಿನ ಡಬ್ಬ ಮುಚ್ಚಿಡಿ, ಡಾಕ್ಟರಿಗೆ ಬಾಯಿ ತೋರಿಸಿ. ಒಬ್ಬರೇ ಹೋಗೋಕೆ ಭಯವಾದ್ರೆ ಹೇಳಿ ದೊಡ್ಡಮ್ಮ, ಭಾನುವಾರ ಬಿಟ್ಟು ಯಾವತ್ತಾದ್ರೂ ನಾವೇ ಜೊತೆಗೆ ಬರ್ತೀವಿ.