ಹಳೇ ಸೆಮಿಫೈನಲ್ ನೆನಪೈತಿ, ಡರ್ಬಿ ಯಾಕ ನೆನಪಿಲ್ಲ?

ಐಪಿಎಲ್ ಪ್ಲೇಆಫ್ ಶುರುವಾದರೆ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಚಹಾದಂಗಡಿಗೆ ಹೋದರೂ ಒಂದು ಮಾತು ತಪ್ಪದೇ ಕಿವಿಗೆ ಬೀಳುತ್ತದೆ. "ಆಗಿನಂಥಾ ಮ್ಯಾಚ್ ಈಗ ಎಲ್ಲಿ ಅದಾವ್ರೀ? ಈಗಿಂದೆಲ್ಲಾ ಬರೇ ರೊಕ್ಕದ ಆಟ." ಹಿರಿಯರು 1974ಕ್ಕೆ ಹೋಗುತ್ತಾರೆ, ನನ್ನ ವಯಸ್ಸಿನವರು 1996ಕ್ಕೆ. ಇಬ್ಬರೂ ಕೊನೆಗೆ ಉಸಿರು ಬಿಟ್ಟು, ಕಪ್ಪು ಕೆಳಗಿಟ್ಟು ಮನೆಗೆ ಹೋಗುತ್ತಾರೆ. ನನ್ನ ತಕರಾರು ಆ ನೆನಪಿನ ಮೇಲಲ್ಲ, ಆ ನಿಟ್ಟುಸಿರಿನ ಮೇಲೆ.

ಆ ಪಂದ್ಯಗಳು ದೊಡ್ಡವೇ. 1974ರ ರಣಜಿ ಸೆಮಿಫೈನಲ್ ನೋಡಿ. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆ ತಂಡ ಬೆಂಗಳೂರಿಗೆ ಬಂದಿತ್ತು. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂಬ ಹೆಸರಿನಲ್ಲಿ ನಮ್ಮವರು ಆಡಿದ ಮೊದಲ ಋತು ಅದು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು, ವಾಡೇಕರ್ ಕಾಲು ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಗೆದ್ದ ಕರ್ನಾಟಕ, ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿ ರಣಜಿ ತಂದಿತು. ಇನ್ನು 1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್‌ಫೈನಲ್, ಅದೇ ಚಿನ್ನಸ್ವಾಮಿ ಮೈದಾನ. ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ ಆಮಿರ್ ಸೊಹೈಲ್ ಸ್ಟಂಪನ್ನು ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಹಾರಿಸಿದ್ದನ್ನು ಯಾರು ಮರೆತಾರು?

ಸರಿ. ಈಗ ಒಂದು ತಾರೀಖು ಹೇಳುತ್ತೇನೆ: 2017ರ ಜುಲೈ 15. ಏನಾದರೂ ನೆನಪಾಯಿತೇ?

ಅಂದು ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್‌ನ ಭಾರತ–ನ್ಯೂಜಿಲೆಂಡ್ ಪಂದ್ಯ. ಲೀಗ್ ಪಂದ್ಯವೆಂಬುದು ಹೆಸರಿಗೆ ಮಾತ್ರ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ವಿಮಾನಕ್ಕೆ. ಮಿಥಾಲಿ ರಾಜ್ 109, ಕಡೂರಿನ ಹುಡುಗಿ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70, ಒಟ್ಟು 265. ಆಮೇಲೆ ಚೆಂಡು ಹಿಡಿದವರು ಆ ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಒಂದೂ ಪಂದ್ಯ ಆಡದೆ ಹೊರಗೆ ಕೂತಿದ್ದ ಎಡಗೈ ಸ್ಪಿನ್ನರ್. 15 ರನ್ ಕೊಟ್ಟು 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆ ಬೌಲರ್ ರಾಜೇಶ್ವರಿ ಗಾಯಕವಾಡ, ನಮ್ಮ ವಿಜಯಪುರದವರು.

ಗಾವಸ್ಕರ್ ಯಾವ ಚೆಂಡಿಗೆ ಔಟಾದರು ಎಂದು ಕಣ್ಣಾರೆ ಕಂಡಂತೆ ವರ್ಣಿಸುವ ನಾವು, ನಮ್ಮ ಜಿಲ್ಲೆಯ ಮಗಳ ಐದು ವಿಕೆಟ್‌ಗಳಲ್ಲಿ ಒಂದನ್ನಾದರೂ ವರ್ಣಿಸಬಲ್ಲೆವೇ? 1974ರಲ್ಲಿ ನಮ್ಮ ಕಡೆ ಟಿವಿ ಇರಲಿಲ್ಲ. ಆ ಪಂದ್ಯವನ್ನು ನೋಡದೆಯೂ ನೆನಪಿಟ್ಟುಕೊಂಡೆವು. ಡರ್ಬಿಯನ್ನು ಮರೆಯಲು ಹಾಗಾದರೆ ಕಾರಣವೇನು? ಅದು ಹೆಣ್ಣುಮಕ್ಕಳ ಆಟ ಎಂಬುದೊಂದೇ. ಸುತ್ತಿ ಬಳಸಿ ಹೇಳುವುದು ಬೇಡ.

ಆ ವಿಶ್ವಕಪ್ ಮುಗಿದ ಮೇಲೆ ಆಗಿನ ಸಚಿವ ಎಂ.ಬಿ. ಪಾಟೀಲರು ರಾಜೇಶ್ವರಿಗೆ ಕಾರು ಕೊಡಲು ಮುಂದಾದಾಗ, ಕಾರು ಬೇಡ, ಕುಟುಂಬಕ್ಕೊಂದು ಮನೆ ಬೇಕು ಎಂದು ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಲಾರ್ಡ್ಸ್‌ನಲ್ಲಿ ಫೈನಲ್ ಆಡಿ ಬಂದವರಿಗೆ ಆಗ ಬೇಕಾಗಿದ್ದುದು ತಲೆಯ ಮೇಲೊಂದು ಸೂರು. ಈ ಸುದ್ದಿ ಓದಿದ ಮೇಲೂ "ಈಗಿಂದೆಲ್ಲಾ ರೊಕ್ಕದ ಆಟ" ಎನ್ನುವವರು, ಯಾರ ರೊಕ್ಕ, ಯಾರ ಆಟ ಎಂದೂ ಹೇಳಬೇಕು.

ಹಳೆಯದನ್ನು ಹೊಗಳುವವರು ಇನ್ನೊಂದು ಕಥೆ ಹೇಳುತ್ತಾರೆ: ಗದುಗಿನ ಸುನಿಲ್ ಜೋಶಿ ಅಭ್ಯಾಸಕ್ಕಾಗಿ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ ಕಥೆ. ಕರ್ನಾಟಕ ರಣಜಿ ಗೆದ್ದ 1995–96ರ ಋತುವಿನಲ್ಲಿ ಅದೇ ಜೋಶಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಶಾಲೆಯ ಭಾಷಣಗಳಲ್ಲಿ ಇದನ್ನು ಛಲದ ಪಾಠವಾಗಿ ಹೇಳುತ್ತಾರೆ. ನನಗೆ ಅದು ಒಂದು ದೂರು ಅರ್ಜಿಯಂತೆ ಕೇಳುತ್ತದೆ. ಗದುಗಿನಲ್ಲಿ ತಕ್ಕ ಸೌಲಭ್ಯ ಇದ್ದಿದ್ದರೆ ಆ ಹುಡುಗ ರೈಲು ಹತ್ತಬೇಕಿತ್ತೇ? ಒಬ್ಬ ಜೋಶಿ ಮುಟ್ಟಿದ. ರೈಲು ತಪ್ಪಿಸಿಕೊಂಡವರು ಎಷ್ಟು ಮಂದಿ ಎಂದು ಬರೆದಿಟ್ಟವರಿಲ್ಲ.

ಇಂದು ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಿಂದ ವಿಜಯಪುರ ಸುಮಾರು 40ರಿಂದ 80 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಹುಡುಗಿಗೆ ಟಿಕೆಟ್ ಶೂನ್ಯ, ಒಪ್ಪಿದೆ. ಬೆಳಿಗ್ಗೆ 6ರ ಅಭ್ಯಾಸಕ್ಕೆ ಮುಟ್ಟಿಸುವ ಬಸ್ಸು ಯಾವುದು? ಅಭ್ಯಾಸ ಮುಗಿಸಿ ಮುದ್ದೇಬಿಹಾಳಕ್ಕೆ ಮರಳಿ ಶಾಲೆಯ ಹಾಜರಿ ಹಿಡಿಯುವುದು ಹೇಗೆ?

ನಮ್ಮ ಹೆಸರಿಗೆ ಮಾತ್ರ ಬೇಡಿಕೆ ಇತ್ತು. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ 'ಬಿಜಾಪುರ ಬುಲ್ಸ್' ಇತ್ತಲ್ಲ, 2018ರಲ್ಲಿ ಫೈನಲ್ ಗೆದ್ದು ಕಪ್ಪನ್ನೂ ಎತ್ತಿತು. ಎಲ್ಲಿ? ಮೈಸೂರಿನಲ್ಲಿ. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಆರು ತಂಡಗಳ ಪಟ್ಟಿಯಲ್ಲಿ ಆ ಹೆಸರೂ ಇಲ್ಲ.

ಸಣ್ಣ ಊರಲ್ಲಿ ಮ್ಯಾಚ್ ಮಾಡಿದರೆ ಜನ ಬರುತ್ತಾರೇನು ಎಂದು ಕೇಳುವವರಿಗೆ ಒಂದು ಉತ್ತರ ಇದೆ. 2010ರ ಜನವರಿಯಲ್ಲಿ ರಣಜಿ ಫೈನಲ್ ಬೆಂಗಳೂರು ಬಿಟ್ಟು ಮೈಸೂರಿನ ಗಂಗೋತ್ರಿ ಮೈದಾನಕ್ಕೆ ಹೋಯಿತು, ಅದು ವಿಶ್ವವಿದ್ಯಾನಿಲಯದ ಮೈದಾನ. ಮನೀಶ್ ಪಾಂಡೆ 144 ಹೊಡೆದರೂ ಕರ್ನಾಟಕ ಮುಂಬೈಗೆ 6 ರನ್‌ಗಳಿಂದ ಸೋತಿತು. ಮೈದಾನದ ತುಂಬ ಜನ. ಮೈಸೂರು ದೊಡ್ಡ ಊರು, ನಿಜ. ಆದರೆ ಆಟ ಜನರಿದ್ದಲ್ಲಿಗೆ ಬಂದರೆ ಜನ ಆಟದ ಬಳಿ ಬರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವೃತ್ತಿಯ ಗೆಳೆಯರಿಗೆ ಒಂದು ಮಾತು. ವಿಶ್ವನಾಥ್ ಅವರ 162 ಇಂದಿಗೂ ಉಳಿದಿರುವುದು ಅಂದು ಒಬ್ಬ ಸ್ಕೋರರ್ ಬರೆದ, ಒಬ್ಬ ವರದಿಗಾರ ಅದನ್ನು ಪತ್ರಿಕೆಗೆ ಕಳಿಸಿದ ಎಂಬ ಕಾರಣಕ್ಕೆ. ನಮ್ಮ ತಾಲ್ಲೂಕುಗಳಲ್ಲಿ ಜಾತ್ರೆ ಮುಗಿದ ಮೇಲೆ ನಡೆಯುವ ಟೆನಿಸ್ ಬಾಲ್ ಟೂರ್ನಿಗಳ ಫೈನಲ್ ವರದಿ ಹೇಗಿರುತ್ತದೆ? ಉದ್ಘಾಟಿಸಿದವರು, ಬಹುಮಾನ ಕೊಟ್ಟವರು, ವೇದಿಕೆ ಮೇಲೆ ಕೂತವರು, ಇಷ್ಟು ಹೆಸರಿಗೇ ಜಾಗ ಮುಗಿಯುತ್ತದೆ. ಯಾರು ಎಷ್ಟು ಹೊಡೆದರು ಎಂಬುದಕ್ಕೆ ಒಂದು ಸಾಲೂ ಉಳಿಯುವುದಿಲ್ಲ. ಡೆಸ್ಕಿನಲ್ಲಿ ಕೂತವರೇ, ಎರಡು ಗಣ್ಯರ ಹೆಸರು ಕತ್ತರಿಸಿ, ಆ ಜಾಗದಲ್ಲಿ ಸ್ಕೋರ್ ಹಾಕಿ.

ಕೇಳುವುದು ಹೆಚ್ಚೇನಲ್ಲ. ಪ್ರತಿ ತಾಲ್ಲೂಕಿಗೆ ಲೆದರ್ ಬಾಲ್ ಆಡಬಹುದಾದ ಒಂದು ಪಿಚ್. ಅದರಲ್ಲಿ ದಿನಕ್ಕೆ ಎರಡು ತಾಸು ಹುಡುಗಿಯರಿಗೇ ಮೀಸಲು. ವರ್ಷಕ್ಕೊಮ್ಮೆ ನಾಲ್ಕು ತಾಲ್ಲೂಕುಗಳ ಬಾಲಕಿಯರ ತಂಡಗಳಿಗೆ ಎರಡು ಸೆಮಿಫೈನಲ್, ಒಂದು ಫೈನಲ್. ಜೊತೆಗೆ ಒಂದು ಸ್ಕೋರ್‌ಬುಕ್, ಅದನ್ನು ಜೋಪಾನವಾಗಿಡಲು ಒಂದು ಕಪಾಟು.

ಚಹಾದಂಗಡಿಯ ಕಾಕಾಗಳೇ, 1974ರ ಕಥೆ ಹೇಳುವುದನ್ನು ನಿಲ್ಲಿಸಬೇಡಿ. ಆದರೆ ಮುಂದಿನ ಸಲ ಶಾಸಕರು ಅದೇ ಅಂಗಡಿ ಮುಂದೆ ಕಾರು ನಿಲ್ಲಿಸಿದಾಗ, ಆ ಕಥೆ ಅರ್ಧಕ್ಕೇ ಬಿಟ್ಟು ಪಿಚ್ ಎಲ್ಲಿ ಎಂದು ಕೇಳಿ.